ಹೊಸ ಮಷೀನಿನ ಮಾರ್ಜಿನ್

ಸವಣೂರು, ೧೨ ಸೆಪ್ಟೆಂಬರ್ ೧೯೮೪, ಬುಧವಾರ

ವಕೀಲರ ಆಫೀಸಿಗೆ ಇವತ್ತ ಹೊಸ ಟೈಪ್‌ರೈಟರ್ ಬಂತು. ಹಳೇದನ್ನ ಬದಲಿಗೆ ಒಯ್ದರು. ಅದರ ಮ್ಯಾಲೇ ನಮ್ಮ ಮನಿಯವರು ನನಗ ಟೈಪಿಂಗ್ ಕಲಿಸಿದ್ದು. ಅವರು ತೀರಿಕೊಂಡ ಮ್ಯಾಲೆ ಇಲ್ಲಿ ಅವರ ಟೈಪಿಸ್ಟ್ ಕುರ್ಚಿ ನನಗ ಸಿಕ್ತು. ಎಡಕ್ಕ ಹದಿನೈದಕ್ಕ ಅವರು ಇಟ್ಟ ಮಾರ್ಜಿನ್ ಐದು ತಿಂಗಳು ನಾ ಮುಟ್ಟಿರಲಿಲ್ಲ. ಹೊಸದರಾಗೂ ಹದಿನೈದಕ್ಕ ತಂದೆ.

"ಹತ್ತಕ್ಕ ಇಡ್ರೆವ್ವಾ, ಹಾಳಿ ಉಳೀತಾವ," ಅಂದರು ವಕೀಲರು.

"ಹೂಂರಿ," ಅಂದು ಸರಿಸಿದೆ.

ಆಮ್ಯಾಲೆ ಸಣ್ಣ ದನಿಲೆ, "ಹೊಲ ನಿಮ್ಮ ಹೆಸರಿಗೆ ಮಾಡೋ ವಾರಸಾ ಅರ್ಜಿನೂ ಇವತ್ತ ಬಡದುಬಿಡ್ರಿ," ಅಂದರು.

ಬಾಯಿಲೆ ನಮ್ಮ ಮನಿಯವರ ಹೆಸರು ಎಂದೂ ಹೇಳಿದಾಕಿ ಅಲ್ಲ ನಾನು. ಬೆರಳು ತಾವ ಹೋಗಿ "ಶ್ರೀ ಗುಡ್ಡಪ್ಪ" ಅಂತ ಬಡಿದವು. ವಕೀಲರು ನೋಡಿದರು. ಆ ಹಾಳಿ ತಗದು, ಬ್ಯಾರೇದು ಹಾಕಿ, "ದಿವಂಗತ" ಅಂತ ಬಡಿದೆ. ಮುಂದಿನ ಅಕ್ಷರ ಕಾಣಲಿಲ್ಲ.