ಮೂವತ್ತು ದಿನಗಳ ಗಡುವು

ಮುಲುಂಡ್,
೧೦ ಮಾರ್ಚ್ ೨೦೨೫

ನನ್ನ ಮಹಾದೇವಿಗೆ,

ನಿನ್ನ ಗಂಡ ಈಶ್ವರ ತೀರಿಹೋಗಿ ಎರಡು ವಾರ ಕಳೆಯಿತು. ನಿನ್ನೆ ವಡಾಲಕ್ಕೆ ಬಂದಿದ್ದೆ. ಚಾಳಿನ ಮೆಟ್ಟಿಲು ಹತ್ತಿ, ನಿನ್ನ ಬಾಗಿಲ ಮುಂದೆ ಮಾತಾಡಿಸಲು ಬಂದವರ ಚಪ್ಪಲಿಗಳನ್ನು ನೋಡಿ ಹಾಗೇ ಹಿಂದಿರುಗಿದೆ. ಎದುರು ನಿಂತು ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ನಾನು ಹೊಸದಾಗಿ ಕರಿಕೋಟು ತೊಟ್ಟಾಗ ನಂಬಿ ಬಂದ ಮೊದಲ ಕಕ್ಷಿದಾರಳು ನೀನು. ನಿಮ್ಮ ಚಾಳಿನ ಹಿಂದೆ ರಬ್ಬರ್ ಸುಡುತ್ತಿದ್ದ ಕಾರ್ಖಾನೆಯ ಮೇಲಿನ ಕೇಸು ಆರು ವರ್ಷ ನಡೆಯಿತು. ಪ್ರತಿ ತಾರೀಖಿಗೂ ನೀನು ಮನೆಗೆಲಸಗಳಿಗೆ ರಜೆ ಹಾಕಿ ಬರುತ್ತಿದ್ದೆ. ನಿನ್ನ ಡಬ್ಬಿಯಲ್ಲಿ ನನಗೂ ಒಂದು ರೊಟ್ಟಿ ಇರುತ್ತಿತ್ತು. ಗೆದ್ದೆವು. ಆ ತೀರ್ಪಿನಿಂದ ನನಗೆ ಹೆಸರು ಬಂತು. ಆ ಹೆಸರೇ ಕೊನೆಗೆ ರಾಜ್ಯದ ಪರಿಸರ ಪ್ರಾಧಿಕಾರದ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂರಿಸಿತು. ಅಂದು ಪೇಡೆ ಹಿಡಿದು ಬಂದ ನೀನು, "ಇನ್ ನಮ್ಮಂಥೋರ ಅರ್ಜಿ ಮೂಲ್ಯಾಗ ಬೀಳೂದಿಲ್ಲ ಬಿಡ್ರಿ ಅಕ್ಕಾರ" ಅಂದಿದ್ದೆ.

ಈಶ್ವರ ಕೆಲಸಕ್ಕಿದ್ದ ಬಣ್ಣದ ಕಾರ್ಖಾನೆಯ ಫೈಲು ಫೆಬ್ರವರಿ ಮೊದಲ ವಾರ ನನ್ನ ಮೇಜಿಗೆ ಬಂದಿತ್ತು. ಕೊಳಕು ನೀರಿನ ಗುಂಡಿಯಿಂದ ವಿಷಗಾಳಿ ಏಳುತ್ತಿದೆ, ತಕ್ಷಣ ಕೆಲಸ ನಿಲ್ಲಿಸಬೇಕು ಎಂದು ನಮ್ಮ ಇನ್‌ಸ್ಪೆಕ್ಟರ್ ಧನರಾಜ್ ಬರೆದಿದ್ದರು. ಅದರ ಕೆಳಗೆ ನಾನು, ಸರಿಪಡಿಸಿಕೊಳ್ಳಲು ಮೂವತ್ತು ದಿನ ಕೊಡಿ ಎಂದು ಬರೆದು ಸಹಿ ಹಾಕಿದೆ. ಹತ್ತೊಂಬತ್ತನೆಯ ದಿನ ಈಶ್ವರನನ್ನು ಆ ಗುಂಡಿ ಶುಚಿ ಮಾಡಲು ಇಳಿಸಿದರು.

ಆಸ್ಪತ್ರೆಯಲ್ಲಿ ನೀನು ನನ್ನ ಕೈ ಹಿಡಿದು, "ಯಾರ ತಪ್ಪು ಅಂತ ನೀವ ಹುಡುಕಿ ಕೊಡ್ರಿ ಅಕ್ಕಾರ, ನನಗ ಮತ್ತ್ಯಾರದಾರ?" ಎಂದೆ. ಹುಡುಕುತ್ತೇನೆ ಎಂದೆ ನಾನು. ಹಾಗೆ ಹೇಳುವಾಗ ನನ್ನ ನಾಲಿಗೆ ಒಮ್ಮೆಯೂ ತೊದಲಲಿಲ್ಲ. ಅದನ್ನು ನೆನೆದರೆ ನನಗೇ ನನ್ನ ಬಗ್ಗೆ ಹೆದರಿಕೆಯಾಗುತ್ತದೆ.

ಧನರಾಜ್ ವರದಿಯ ಪ್ರತಿಯನ್ನೂ ನನ್ನ ಸಹಿ ಇರುವ ಹಾಳೆಯ ಪ್ರತಿಯನ್ನೂ ಇದರ ಜೊತೆ ಇಟ್ಟಿದ್ದೇನೆ. ವಿಲೆ ಪಾರ್ಲೆಯಲ್ಲಿ ನಿಖಿತಾ ಎಂಬ ವಕೀಲೆ ಇದ್ದಾಳೆ, ಅವಳನ್ನು ನೋಡು. ಅವಳಿಗೆ ನನ್ನ ಮುಲಾಜಿಲ್ಲ. ಕೇಸಿನಲ್ಲಿ ನನ್ನ ಹೆಸರನ್ನೂ ಸೇರಿಸಲು ಹೇಳು. ಇವತ್ತು ರಾಜೀನಾಮೆ ಕೊಟ್ಟೆ; ಅದರಿಂದ ನಿನಗೇನೂ ಆಗಬೇಕಾದ್ದಿಲ್ಲ, ಗೊತ್ತು. ಈ ಪತ್ರಕ್ಕೆ ಉತ್ತರ ಬರೆಯಬೇಡ.

ನಿನ್ನ ರೊಟ್ಟಿ ತಿಂದವಳು,
ವಸಂತಿ

ವಿ.ಸೂ.: ಯಾವ ಮಂತ್ರಿಯ ಒತ್ತಡವಿತ್ತು ಎಂದು ನಿಖಿತಾ ಕೇಳುತ್ತಾಳೆ. ಯಾರೂ ಫೋನ್ ಮಾಡಿರಲಿಲ್ಲ, ಮಹಾದೇವಿ. ಈ ತಿಂಗಳ ಕೊನೆಗೆ ನನ್ನ ಅವಧಿ ಮುಗಿಯುವುದಿತ್ತು, ಇನ್ನೊಂದು ಅವಧಿ ಬೇಕೆನಿಸಿತ್ತು. ಕಾರ್ಖಾನೆ ನಿಲ್ಲಿಸಿದರೆ ಮೇಲಿನವರು ಮುನಿಸಿಕೊಂಡಾರು ಎಂದು ನಾನೇ ಅಂದುಕೊಂಡು, ಯಾರೂ ಕೇಳುವ ಮೊದಲೇ ಆ ಮೂವತ್ತು ದಿನ ಕೊಟ್ಟುಬಿಟ್ಟೆ.