ಎರಡು ಸಲ ಬಂದ ಮಂಗಳವಾರ

ಹೊನೊಲುಲು, ೧೯೭೯

ಲಕ್ಷ್ಮೇಶ್ವರದ ನರಸಿಂಹಣ್ಣನಿಗೆ ತಮ್ಮ ಪ್ರಹ್ಲಾದನ ನಮಸ್ಕಾರ.

“ಎಲ್ಲಿದ್ರೂ ಅಪ್ಪನ ಶ್ರಾದ್ಧ ಬಿಡಬ್ಯಾಡೋ” ಎಂದು ನೀನು ನನಗೆ ಹೇಳಿ ಕಳಿಸಿದ್ದೆ. ಶ್ರಾದ್ಧದ ದಿನ, ಮಂಗಳವಾರ, ಟೋಕಿಯೊದಲ್ಲಿ ನಮ್ಮ ಗವಾಯಿ ಗವಿಸಿದ್ದಪ್ಪನವರ ಗಾಯನಕ್ಕೆ ತಬಲಾ ಸಾಥ್ ಕೊಡುವುದರಲ್ಲೇ ಹೊತ್ತು ಮುಳುಗಿತು. ಉಪವಾಸದಲ್ಲೇ ರಾತ್ರಿ ವಿಮಾನ ಹತ್ತಿದೆ. ಕೆಳಗೆ ಆರು ಸಾವಿರ ಕಿಲೋಮೀಟರು ಬರೀ ಸಮುದ್ರ. ಅಪ್ಪನ ದಿನ ಕೈತಪ್ಪಿತಲ್ಲ ಎಂದು ಏಳು ತಾಸೂ ನಿದ್ದೆ ಹತ್ತಲಿಲ್ಲ.

ಇಳಿದಾಗ ಬೆಳಗಾಗಿತ್ತು. ಬುಧವಾರ ಎಂದುಕೊಂಡಿದ್ದೆ. ಗವಿಸಿದ್ದಪ್ಪನವರು ಗೋಡೆಯ ಕ್ಯಾಲೆಂಡರ್ ತೋರಿಸಿದರು. “ಪ್ರಹ್ಲಾದ, ಇಲ್ಲೆ ಇನ್ನೂ ಮಂಗಳವಾರನ ಐತಿ. ಸಮುದ್ರದಾಗ ತಾರೀಖಿನ ಗೆರಿ ದಾಟಿ ಒಂದ ದಿನಾ ಹಿಂದಕ್ಕ ಬಂದೇವಿ. ಜಲ್ದಿ ಜಳಕಾ ಮಾಡು.”

ಮಧ್ಯಾಹ್ನ ಸಮುದ್ರದ ದಂಡೆಯಲ್ಲಿ ಕುಳಿತು, ವೈನಿ ಕಟ್ಟಿಕೊಟ್ಟ ಎಳ್ಳಿನಿಂದ ತರ್ಪಣ ಬಿಟ್ಟೆ. ಹಿಡಿ ಅನ್ನದ ಪಿಂಡ ಇಟ್ಟು ಕಾಗೆಯನ್ನು ಕರೆದೆ. ಈ ಊರಲ್ಲಿ ಕಾಗೆಯೇ ಇಲ್ಲವಂತೆ. ಬೆಳವನಂಥ ಪುಟ್ಟ ಹಕ್ಕಿಯೊಂದು ಮರಳಿನ ಮೇಲೆ ನಡೆದು ಬಂದು, ಎರಡು ಅಗುಳು ತಿಂದು ಹೋಯಿತು.

ಪಾದ ಸ್ವಲ್ಪ ಊದಿವೆ, ಬೆರಳು ಚೆನ್ನಾಗಿವೆ. ಚಟ್ನಿಪುಡಿ ಇನ್ನೂ ಇದೆ ಎಂದು ವೈನಿಗೆ ಹೇಳು.

ನೀನು ಪಂಚಾಂಗ ತೆಗೆದು ನನ್ನ ತಪ್ಪು ಹುಡುಕಬೇಡ. ನಾನು ಎಳ್ಳುನೀರು ಬಿಡುವಾಗ ನಿಮ್ಮಲ್ಲಿ ಬುಧವಾರದ ನಸುಕು. ಅಂದರೆ ಅಪ್ಪ ನಿನ್ನ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಆಮೇಲೆ ನನ್ನ ಹತ್ತಿರ ಬಂದಿದ್ದಾರೆ. ಅದಕ್ಕೇ ಎರಡೇ ಅಗುಳು.

ಪ್ರಹ್ಲಾದ