ಹನ್ನೊಂದನೇ ಸಾಲಿನ ಜ್ವಾಳ

ತೆಲಿಗಿ, ಮಾರ್ಚ್ ಹನ್ನೆರಡು, ಎಂಬತ್ಮೂರನೇ ಇಸವಿ, ಶನಿವಾರ.

ನನ್ನ ಪ್ರೀತಿಯ ಹಂಪಮ್ಮಗ,

ಹೆಸರು ಹಿಡಿದು ಕರದೆ ಅಂತ ನಗಬ್ಯಾಡ. ಈ ಟೇಪಿನ ಪೆಟ್ಟಿಗಿ ಮುಂದ ಕುಂತು ‘ಏ ಇಕೀ’ ಅಂದ್ರ ಯಾರಿಗಂತ ತಿಳೀತೈತಿ? ಕಾಗದ ಬರದ್ರ ನಿನ್ನ ತವರಾಗ ಯಾರ ಕೈಲಾದ್ರೂ ಓದಿಸಬೇಕು, ಮೈಲಾರಕ್ಕೆಲ್ಲ ನಮ್ಮ ಸುದ್ದಿ ಆಗತೈತಿ. ಅದಕ್ಕ ನಿನ್ನ ತಮ್ಮ ಓಬಳೇಶ ಈ ಪೆಟ್ಟಿಗಿ ತಂದಾನ, ಮಧ್ಯಾಹ್ನದ ಬಸ್ಸಿಗೆ ವಾಪಸ್ ಒಯ್ಯತಾನ. ಅತ್ತಿ ಸೊಂಟ ಹೆಂಗೈತಿ? ಎದ್ದು ಕುಂದರತಾಳಂತ? ನೀ ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ನಾನೂ ಎಮ್ಮಿನೂ ಆರಾಮ ಅದೀವಿ. ಎಮ್ಮಿ ಮಾತ್ರ ನನಗ ಹಾಲು ಇಳಸವಲ್ದು, ನಿನ್ನ ಹಾದಿ ನೋಡತೈತಿ.

ಈಗ ಸುದ್ದಿ ಕೇಳು. ನಮ್ಮ ಪ್ರಯೋಗದ ಹೊಲ ಈ ತಿಂಗಳ ಕಡೀಗೆ ಮುಚ್ಚತೈತಿ. ಹೊರದೇಶದ ರೊಕ್ಕ ನಿಂತೈತಂತ. ಆರು ವರ್ಷ ನಾವು ತಳಿ ಬೆರಿಬಾರದಂತ ತೆನಿಗೆ ಕಾಗದದ ಚೀಲ ಕಟ್ಟಿದ್ದು, ಸಾಲಿಗೊಂದು ತಳಿ ಬಿತ್ತಿ ನಂಬರ್ ಹಾಕಿದ್ದು, ಎಲ್ಲ ಆ ರೊಕ್ಕದಾಗ. ಜ್ವಾಳದ ರೊಟ್ಟಿ ಎಂದೂ ತಿನ್ನದ ಮಂದಿ ನಮ್ಮ ಜ್ವಾಳಕ್ಕಂತ ಕಡಲಾಚಿಂದ ಕಳಸ್ಯಾರಲ್ಲ, ಒಮ್ಮೊಮ್ಮೆ ಬದುವಿನ ಮ್ಯಾಲೆ ಕುಂತು ಅವರಿಗೆ ಮನಸ್ಸಿನ್ಯಾಗ ಕೈ ಮುಗಿದೀನಿ. ಮಳಿ ಕಮ್ಮಿ ಇದ್ರೂ ತಡಕೊಳ್ಳೋ ಒಂದು ಸಾಲು ತೋರಿಸ್ರಿ ಅಂತ ಅವರು ಕೇಳಿದ್ದು. ನಾವು ತೋರಿಸಲಿಲ್ಲ.

ಆದ್ರ ಆ ಸಾಲು ಇತ್ತು, ಹಂಪಮ್ಮ! ಬುಧವಾರ ಮಗ್ಗಲ ಮನಿ ದ್ಯಾಮಕ್ಕ ರೊಟ್ಟಿ ಕೊಡಾಕ ಬಂದಾಕಿ ಅಂದ್ಲು: “ಮಾವಾ, ಹನ್ನೊಂದನೇ ಸಾಲಿನ ಜ್ವಾಳ ಏನಂತೀರಿ! ಎರಡು ದಿನ ಇಟ್ಟರೂ ರೊಟ್ಟಿ ಅರಿವಿ ಮಡಚಿದಂಗ ಮಡಚತಾವು. ಸುಗ್ಗ್ಯಾಗ ನಾವೆಲ್ಲ ಅದರಾಗ ಉಡಿ ತುಂಬಿಕೊಂಡ್ವಿ.” ಕೊಯ್ಯಾಕ ಬಂದ ಹೆಣ್ಣುಮಕ್ಕಳು ಸಂಜಿಗೆ ಒಂದು ಉಡಿ ತೆನಿ ಮುರಕೊಂಡು ಹೋಗೋದು ಅಜ್ಜನ ಕಾಲದಿಂದ ಐತಿ. ಅದನ್ನ ಬೆಳಿ ಲೆಕ್ಕದಾಗ ಹಿಡಿಯಬೇಕು ಅಂತ ನನಗ ಎಂದೂ ಹೊಳೀಲೇ ಇಲ್ಲ. ನೀವು ಹದಿನಾಲ್ಕು ಮಂದಿ, ಎಲ್ಲಾರೂ ಮಳಿ ಕಮ್ಮಿ ಆದ ಈ ವರ್ಷದಾಗೂ ತುಂಬಿದ ಛಲೋ ತೆನಿ ನೋಡಿ ಅದ ಸಾಲಿಗೆ ಕೈ ಹಾಕೀರಿ. ಉಳಿದದ್ದನ್ನ ನಾ ತೂಗಿ, ‘ಹನ್ನೊಂದು, ಇಳುವರಿ ಕಮ್ಮಿ’ ಅಂತ ಬರದೆ. ಆಮ್ಯಾಲೆ ಅದನ್ನ ಎಲ್ಲಾ ಜ್ವಾಳದ ಜೋಡಿ ಒಂದ ರಾಶಿಗೆ ಸುರುವಿದ್ವಿ. ನೀ ಆವತ್ತ ಹೇಳಿದ್ದಿ, “ಬರಿಯೋ ಮೊದಲು ಒಂದು ಕಾಳರ ಬಾಯಾಗ ಹಾಕಿ ನೋಡ್ರಿ.” ನಾ ಕೇಳಿದ್ನೇ?

ಗುರುವಾರ ಹೋಗಿ ನಮ್ಮ ಆಫೀಸರು ವೀರಭದ್ರಯ್ಯ ಸಾಹೇಬ್ರಿಗೆ ಎಲ್ಲಾ ಹೇಳಿಬಿಟ್ಟೆ. ಬೈತಾರ ಅಂತ ತಲಿ ತಗ್ಗಿಸಿ ನಿಂತಿದ್ದೆ. ಅವರು ಚಸ್ಮಾ ತಗದು ಒರಿಸಿಕೊಂತ, “ಗಾದಿಲಿಂಗಪ್ಪ, ನಿನ್ನ ಅಂಕಿ ಕಡಲು ದಾಟಿ ಹೋತು, ಇನ್ನ ತಿದ್ದಾಕ ಬರಂಗಿಲ್ಲ. ಬೀಜ ಐತೇನು?” ಅಂದ್ರು. “ಐತ್ರಿ, ನಮ್ಮ ಮನಿಯಾಕಿ ಗಡಿಗ್ಯಾಗ ಇಟ್ಟಾಳ” ಅಂದೆ. ಬರೋ ಗುರುವಾರ ಅವರ ಜೀಪು ದೊಡ್ಡ ಸಂಶೋಧನಾ ಕೇಂದ್ರಕ್ಕ ಕಡೀ ಸಲ ಹೋಗತೈತಿ. ಬೀಜ ಕೊಟ್ರ ಅಲ್ಲಿ ಒಂದು ಸಾಲು ಬಿತ್ತಸ್ತಾರಂತ. ಆಮ್ಯಾಲೆ ಇದನ್ನ ಕೇಳೋರು ಯಾರೂ ಇಲ್ಲ. ನನ್ನ ಕೆಲಸ ಹೋದ್ರ ಹೋಗಲಿ, ನಮಗ ಎರಡು ಎಕರೆ ಐತಿ. ಈ ಜ್ವಾಳ ನನ್ನ ಕೈಯಾಗ ಸಾಯಬಾರದು, ಅಷ್ಟ.

ಅತ್ತಿಗೆ ನನ್ನ ನಮಸ್ಕಾರ ಹೇಳು, ಜಲ್ದಿ ಎದ್ದು ಅಡ್ಡಾಡಲಿ. ನೀ ಇಲ್ಲದ ಮನಿ ಭಾಳ ದೊಡ್ಡದು ಅನಿಸೇತಿ.

ನಿನ್ನ ಯಜಮಾನ,
ಗಾದಿಲಿಂಗಪ್ಪ

ಮರತೆ ಅನಬ್ಯಾಡ, ಹೇಳಾಕ ಅಂಜಿದ್ದೆ. ಬಸ್ಸಿನ ಹಾರನ್ ಕೇಳಾಕ ಹತ್ತೇತಿ, ಓಬಳೇಶ ಕೈ ಚಾಚ್ಯಾನ. ಗುರುವಾರ ಮನಿಗೆ ಬಂದು ನೋಡಿದ್ರ ಗಡಿಗ್ಯಾಗ ಬೀಜ ಇಲ್ಲ. ಹೋದ ಐತವಾರ ಮನಿ ಜ್ವಾಳ ಅಂತ ತಿಳಕೊಂಡು ನಾನ ಗಿರಣಿಗೆ ಹಾಕಿಸಿ ತಿಂದುಬಿಟ್ಟೆ. ದ್ಯಾಮಕ್ಕಂದೂ ತೀರೇತಿ, ಉಳಿದ ಮನ್ಯಾಗೂ ಕೇಳಿ ಬಂದೆ. ನೀ ಹೋಗುವಾಗ ಅವ್ವಗಂತ ಉಡ್ಯಾಗ ಅದ ಸಾಲಿನ ಒಂದಿಷ್ಟು ತೆನಿ ಕಟ್ಟಿಗೊಂಡು ಹೋಗಿ, ಅಲ್ಲಿ ಜಂತಿಗೆ ತೂಗು ಹಾಕೀದಿ ಅಂತ ಈಗ ಓಬಳೇಶ ಅಂದ. ಅತ್ತಿಗೆ ರೊಟ್ಟಿ ಮಾಡಿ ಹಾಕಿದ್ರ ಇರಲಿ, ಆಕಿ ಹಲ್ಲಿಗೆ ಮೆತ್ತಗಾಗಿರತಾವು, ನನಗ ಬ್ಯಾಸರಿಲ್ಲ. ಉಳಿದಿದ್ರ ಒಲಿ ಹಚ್ಚಬ್ಯಾಡ, ಬುಧವಾರ ಓಬಳೇಶನ ಕೈಲಿ ಕಳಸು. ಎರಡು ತೆನಿ ಸಾಕು, ಹಂಪಮ್ಮ. ಒಂದಾದ್ರೂ ಸಾಕು.